ಪೆಟ್ಟಿಗೆಯ ವಿಳಾಸ

ಐವಿಂದ್,
ನೀನು ಬರೆದಿಟ್ಟು ಹೋದ ಕ್ಲಾಸ್ ಲೈಬ್ರರಿಯಲ್ಲಿ
ಮೀನಿನ ಪೆಟ್ಟಿಗೆಯೆಂದರೆ ಮೂರೇ ಅಕ್ಷರ: ಎ, ವಿ, ಆರ್.
ಸ್ವೋಲ್ವೇರ್ ಬಂದರಿನ ಹರಾಜನ್ನು ನಡುವೆ ನಿಲ್ಲಿಸಿ
ಡಿಬಗರ್ ತೆರೆದು
"ಯಾರಪ್ಪ ನೀನು?" ಎಂದು ಕೇಳಿದರೆ
ಪೆಟ್ಟಿಗೆ ಹೇಳಿದ್ದಿಷ್ಟು:
ಸೊನ್ನೆ ಎಕ್ಸ್ ಸೊನ್ನೆ ಸೊನ್ನೆ ಏಳು ಎಫ್.
ಊರು ಕೇಳಿದರೆ ಸರ್ವೆ ನಂಬರು ಹೇಳುವ
ಗುಮಾಸ್ತನ ಹಾಗೆ.

ಒಂದೊಂದೇ ಪ್ಲಸ್ ಗುರುತು ಒತ್ತಿ ಕೆಳಗಿಳಿದೆ.
ಪಾಯಿಂಟರಿನೊಳಗೆ ಪಾಯಿಂಟರು, ಅದರೊಳಗೆ ಮತ್ತೊಂದು,
ಈರುಳ್ಳಿ ಸುಲಿದ ಹಾಗೆ. ಕಣ್ಣ ನೀರಷ್ಟೇ ನಿಜ.
ಏಳನೆಯ ಮೆಟ್ಟಿಲಲ್ಲಿ ಸಿಕ್ಕಿತು
ಒಂದು ಟಿ, ಒಂದು ಓ, ಒಂದು ಆರ್,
ಅಕ್ಷರಕ್ಕೊಂದು ಸಾಲು, ಸಾಲಿಗೊಂದು ಸಂಖ್ಯೆ.
ಕೂಡಿಸಿ ಓದಿದರೆ: ಟೋರ್ಸ್ಕ್.
ಕಿಟಕಿಯಾಚೆ ಅದೇ ಮೀನು
ಬಾಲಕ್ಕೆ ಬಾಲ ಕಟ್ಟಿಸಿಕೊಂಡು
ಮರದ ಅಟ್ಟಣೆಯ ಮೇಲೆ ಗಾಳಿಗೊಣಗುತ್ತಿತ್ತು,
ಯಾರಿಗೂ ಹೆಸರು ಹೇಳುವ ಹಂಗಿಲ್ಲದೆ.

ಮೂರು ರಾತ್ರಿ ಕೂತು ಒಂದು ನಿಯಮ ಬರೆದೆ:
ಇಂಥ ವಸ್ತು ಕಂಡರೆ, ಡಿಬಗರೇ,
ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕಬೇಡ.
ಜಾತಿ ಹೇಳು, ತೂಕ ಹೇಳು, ದೋಣಿಯ ಹೆಸರು ಹೇಳು.
ವಿಳಾಸ ಬೇಡ, ಅಸಹ್ಯ.

ಎ ಅಂದರೆ ಜಾತಿ, ವಿ ಅಂದರೆ ತೂಕ, ಊಹಿಸಿದೆ.
ಆರ್ ಮಾತ್ರ ಬಗ್ಗಲಿಲ್ಲ.
ಫೋನ್ ಮಾಡಿದೆ. ದೋಣಿಮನೆಯಲ್ಲಿದ್ದೆ ನೀನು,
ಮರ ಉಜ್ಜುವ ಸದ್ದು ನಿಂತಿತು.
"ರೋಗ್ನ್," ಅಂದೆ. "ಮೊಟ್ಟೆ. ಒಳಗೆ ಇದೆಯೋ ಇಲ್ಲವೋ."
ಆಮೇಲೆ, ಸ್ವಲ್ಪ ತಡೆದು,
"ಹತ್ತೊಂಬತ್ತು ವರ್ಷ ಯಾರೂ ಕೇಳಿರಲಿಲ್ಲ."
ಮತ್ತೆ ಮರ ಉಜ್ಜುವ ಸದ್ದು.

ಬೆಳಗ್ಗೆ ಪರದೆ ತೊಳೆದಿಟ್ಟ ತಟ್ಟೆ.
ಟೋರ್ಸ್ಕ್, ನಲವತ್ತು ಕಿಲೋ, ಹಾವ್‌ಗ್ಲಿಮ್ಟ್ ದೋಣಿ, ಮೊಟ್ಟೆ ಉಂಟು.
ಟೋರ್ಸ್ಕ್, ಮೂವತ್ತೆಂಟು, ಬ್ರೋಟ್ಸ್ಯೋ ದೋಣಿ, ಮೊಟ್ಟೆ ಇಲ್ಲ.
ಸಾಲು ಸಾಲು, ಮದುವೆಗೆ ಹೊರಟವರ ಹಾಗೆ.
ಗುನ್‌ವೋರಳನ್ನು ಕರೆದು ತೋರಿಸಿದೆ.
ಅವಳು ಕೆಳಗೆ ಮಂಜುಗಡ್ಡೆಯ ನಡುವೆ
ಪೆನ್ಸಿಲ್ಲಿನಿಂದ ಎಣಿಸಿ ಬಂದಿದ್ದಳು:
"ಚಂದ ಇದೆ. ಆದರೂ ನಿನ್ನಲ್ಲಿ ಒಂದು ಪೆಟ್ಟಿಗೆ ಹೆಚ್ಚು."

ಹೆಚ್ಚೆಲ್ಲಿ? ಎಲ್ಲ ಸರಿಯಿದೆ, ಎಲ್ಲಕ್ಕೂ ಹೆಸರಿದೆ.
ಸಂಜೆತನಕ ಹುಡುಕಿದೆ.
ಕನ್ನಡಿಯೊಳಗಿನ ಗಂಟು; ಕನ್ನಡಿ ಕಟ್ಟಿದವಳೂ ನಾನೇ.

ಶಾಲೆ ಮುಗಿಸಿ, ಮೀನಿನ ನಾಲಿಗೆ ಕತ್ತರಿಸುವ ಕೂಲಿ ಮುಗಿಸಿ
ಮಗ ಸಿಂದ್ರೆ ಬಂದ, ಹನ್ನೊಂದು ವರ್ಷ,
ಮೊಣಕೈತನಕ ಉಪ್ಪು, ಲೋಳೆ.
ಕುರ್ಚಿಗೆ ಒರಗಿ ಓದಿದ, ಓದಲು ಬರುತ್ತಿತ್ತಲ್ಲ ಈಗ.
"ಅಮ್ಮ, ಎಂಟನೆಯದೂ ಇಪ್ಪತ್ತಾರನೆಯದೂ
ಗ್ರಾಂ ತನಕ ಒಂದೇ.
ಮೀನು ಹಾಗೆ ತೂಗಲ್ಲ."

ಮೀನು ಹಾಗೆ ತೂಗಲ್ಲ.
ನಿಯಮ ತೆಗೆದು, ಕಚ್ಚಾ ರೂಪ ತೆರೆದೆ.
ಎಂಟನೆಯದರ ವಿಳಾಸ, ಇಪ್ಪತ್ತಾರನೆಯದರ ವಿಳಾಸ:
ಕೊನೆಯ ಅಂಕಿತನಕ ಒಂದೇ ಮನೆ.
ಎರಡು ಹೆಸರಿನ ಚೀಟಿ, ಒಂದೇ ಮೀನು;
ಬೆಳಗಿನ ಹರಾಜಿನಲ್ಲಿ ಒಬ್ಬನಿಗೆ ಮಾರಿ,
ಮಾರಿದ್ದನ್ನೇ ಮತ್ತೊಬ್ಬನಿಗೂ ಮಾರಿದ್ದೆವು.
ಮೊದಲ ದಿನವೇ ಅದು ಹೇಳಿತ್ತು,
ಸೊನ್ನೆ ಎಕ್ಸ್ ಎಂದು ತೊದಲಿ ತೊದಲಿ.
ನಾನೇ ಬಾಯಿ ಮುಚ್ಚಿಸಿದ್ದೆ.

ದೋಷ ತಿದ್ದಿದ್ದು ನಾಲ್ಕು ಸಾಲು, ಅದು ಬೇರೆ ಮಾತು.
ಈಗ ನಿಯಮದ ಕೊನೆಯಲ್ಲಿ
ವಿಳಾಸದ ಕೊನೆಯ ನಾಲ್ಕು ಅಂಕಿ ಉಳಿಸಿದ್ದೇನೆ.
ಮದುವೆಯ ಸಾಲಿನಲ್ಲಿ ಪ್ರತಿಯೊಬ್ಬರ ಕತ್ತಿಗೂ
ಜೈಲಿನ ನಂಬರು ಕಟ್ಟಿದಂತಿದೆ, ಅಂದಳು ಗುನ್‌ವೋರ್.
ಇರಲಿ.

ಇನ್ನೂ ಒಂದು: ನಿನ್ನ ದೋಣಿಯ ಕ್ಲಾಸಿನಲ್ಲಿ
'ಎಚ್' ಅಂತ ಒಂದು ಅಕ್ಷರವಿದೆ,
ಎಲ್ಲ ದೋಣಿಗೂ ಖಾಲಿ, ಒಂದಕ್ಕೆ ಮಾತ್ರ ತಾರೀಖು.
ಅದನ್ನು ಹೇಗೆ ತೋರಿಸಲಿ, ತೋರಿಸಬೇಕೋ ಬೇಡವೋ
ತಿಳಿಯಲಿಲ್ಲ.
ನಾಳೆ ಫೋನ್ ಮಾಡುತ್ತೇನೆ. ಎತ್ತು.